ಕಳ್ಳನಿಗೊಂದು ಪಾಠ

ಯಾರಿಗೋ ಓಟಿಪಿ ಹೇಳಿ ದುಡ್ಡು ಕಳೆದುಕೊಂಡ ಪಕ್ಕದ ಮನೆಯ ವಿಶಾಲಾಕ್ಷಿ ಅಳುತ್ತ ಬಂದಿದ್ದಳು. ನಿವೃತ್ತ ಗಣಿತ ಮೇಷ್ಟ್ರಿಗೆ ಕನಿಕರ ಹುಟ್ಟಲಿಲ್ಲ. ತಪ್ಪು ಕಂಡರೆ ಸುಮ್ಮನಿರುವ ಜಾತಿಯೇ ಅಲ್ಲ ಅವರದು.

"ಕೇಳಿದ ತಕ್ಷಣ ಹೇಳಿಬಿಡೋದೇನಮ್ಮಾ? ತಲೇಲಿರೋದು ಮೆದುಳೋ, ಲದ್ದಿಯೋ?"

ಅಷ್ಟರಲ್ಲಿ ಅವರ ಫೋನೇ ರಿಂಗಾಯಿತು.

"ಬ್ಯಾಂಕಿಂದ ಸರ್. ನಿಮ್ಮ ಕಾರ್ಡ್ ಬ್ಲಾಕ್ ಆಗ್ತಿದೆ."

ಮೇಷ್ಟ್ರು ಖುಷಿಯಿಂದ ಸ್ಪೀಕರ್ ಆನ್ ಮಾಡಿದರು. "ಕಳ್ಳನ್ನ ಹೇಗೆ ವಿಚಾರಿಸ್ಕೋಬೇಕು, ನೋಡಿ ಕಲಿ," ಎಂದು ಅವಳಿಗೆ ಹೇಳಿ ಫೋನಿನತ್ತ ತಿರುಗಿದರು. "ಲೋ, ಗಣಿತದ ಮೇಷ್ಟ್ರು ಕಣೋ ನಾನು! ನಿನ್ನಂಥ ದಡ್ಡರನ್ನ ಬೆಂಚಿನ ಮೇಲೆ ನಿಲ್ಲಿಸಿದೋನು. ಓಟಿಪಿ ಗೀಟಿಪಿ ನನ್ನ ಹತ್ರ ಸಿಗಲ್ಲ."

"ನೀವೇನೂ ಹೇಳ್ಬೇಡಿ ಮೇಷ್ಟ್ರೇ. ಈಗ ನಿಮಗೆ ಬಂದಿರೋ ಓಟಿಪಿ ನನ್ನ ಕಂಪ್ಯೂಟರಲ್ಲೇ ಕಾಣ್ತಿದೆ. ಐದು, ಎರಡು, ಏಳು, ಒಂದು."

ಮೇಷ್ಟ್ರು ಮೆಸೇಜು ತೆಗೆದು ನೋಡಿದರು. ಗಹಗಹಿಸಿ ನಕ್ಕರು.

"ಬೇಡ ಸಾರ್..." ಎಂದಳು ವಿಶಾಲಾಕ್ಷಿ.

"ನೀನು ಸುಮ್ನಿರಮ್ಮ! ಥೂ ಮುಠ್ಠಾಳ, ನಾಲ್ಕಕ್ಕೆ ನಾಲ್ಕೂ ತಪ್ಪು! ಮೂರು, ಎಂಟು, ಸೊನ್ನೆ, ಆರು ಕಣೋ!"

"ತಿದ್ಕೊಂಡೆ ಮೇಷ್ಟ್ರೇ," ಎಂದಿತು ಫೋನು.