ಎರಡು ಗೆರೆ

ಆ ಹುಡುಗಿಗೆ ಪಿಎಚ್.ಡಿ. ಸಿಗದಂತೆ ಮಾಡಿಯೇ ತೀರಬೇಕೆಂದು ಪರೀಕ್ಷಕರು ಮೌಖಿಕ ಪರೀಕ್ಷೆಗೆ ಹಲ್ಲು ಮಸೆಯುತ್ತಲೇ ಬಂದಿದ್ದರು. ದೃಷ್ಟಿಭ್ರಮೆಯೆಲ್ಲ ಕಣ್ಣಿನದೇ ಕೆಲಸ, ತಿಳಿವಳಿಕೆಗೂ ಅದಕ್ಕೂ ಸಂಬಂಧವಿಲ್ಲ ಎಂಬ ಅವರ ಸಿದ್ಧಾಂತವನ್ನು ಅವಳ ಪ್ರಬಂಧ ಅಪ್ಪಟ ಸುಳ್ಳೆಂದು ಸಾರಿತ್ತು.

"ಕಣ್ಣು ನೋಡೋಕೆ ಮೊದಲೇ ತಲೆ ತೀರ್ಮಾನ ಮಾಡಿಬಿಟ್ಟಿರುತ್ತೆ ಅಂತ ಬರೆದಿದ್ದೀಯಲ್ಲ, ಯಾರಮ್ಮ ಹೇಳಿಕೊಟ್ಟಿದ್ದು ನಿಂಗೆ ಈ ಕಾಗಕ್ಕ ಗುಬ್ಬಕ್ಕನ ಕತೆ?"

ಅವಳ ಗೈಡ್ ತಲೆ ತಗ್ಗಿಸಿದರು. ಅವಳು ತಗ್ಗಿಸಲಿಲ್ಲ. ಎದ್ದುಹೋಗಿ ಬೋರ್ಡಿನ ಮೇಲೆ ಒಂದರ ಕೆಳಗೊಂದು ಎರಡು ಗೆರೆ ಎಳೆದಳು. ಮೇಲಿನದರ ಎರಡೂ ತುದಿಗೆ ಬಾಣದ ಮೊನೆ, ಕೆಳಗಿನದಕ್ಕೆ ಹೊರಕ್ಕೆ ಚಾಚಿದ ಕವಲು.

"ಯಾವುದು ಉದ್ದ ಸರ್?"

ಅವರಿಗೆ ಮೈಯೆಲ್ಲ ಉರಿಯಿತು. ತಲೆ ಹಣ್ಣಾಗುವವರೆಗೆ ತಾವೇ ಪಾಠ ಮಾಡಿದ ಚಿತ್ರವನ್ನು ಇವಳು ತಮಗೇ ತೋರಿಸುತ್ತಾಳೆ!

"ನನಗೇ ಪರೀಕ್ಷೇನಾ? ಎರಡೂ ಒಂದೇ ಅಳತೆ. ಅದು ಗೊತ್ತಿದ್ರೂ ನನ್ನ ಕಣ್ಣಿಗೆ ಕೆಳಗಿನದೇ ಉದ್ದ ಕಾಣ್ತಿದೆ. ಅಂದ್ರೆ ಕಣ್ಣಿನ ಮುಂದೆ ತಲೇದೇನೂ ನಡೆಯಲ್ಲ. ನಿನ್ನ ಥೀಸಿಸ್ ಇಲ್ಲಿಗೇ ಮುಗೀತು."

"ಒಂದ್ಸಲ ಅಳೆದುಬಿಡಿ ಸರ್."

"ಇದಕ್ಕೆ ಅಳತೆ ಬೇರೆ ಕೇಡು!"

"ಎರಡೂ ಒಂದೇ ಆಗಿದ್ರೆ ನಂಗೆ ಡಿಗ್ರೀನೇ ಬೇಡ ಸರ್. ಈಗಲೇ ಎದ್ದುಹೋಗ್ತೀನಿ."

ತಾನಾಗಿಯೇ ಬಂದು ಬಲೆಗೆ ಬಿದ್ದಳು ಎಂದುಕೊಂಡ ಅವರು ಬೋರ್ಡಿನ ಪಕ್ಕದಲ್ಲಿದ್ದ ಮರದ ಸ್ಕೇಲನ್ನು ಎತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಮೊದಲು ಮೇಲಿನ ಗೆರೆಗೆ, ಆಮೇಲೆ ಕೆಳಗಿನ ಗೆರೆಗೆ ಹಿಡಿದರು.

ಕೆಳಗಿನ ಗೆರೆ ಮೇಲಿನದಕ್ಕಿಂತ ನಾಲ್ಕು ಬೆರಳು ಉದ್ದವಿತ್ತು.