ಮೂರನೇ ಸಾಲು

ನಜ್ಲಾ ಫೋನು ಕಟ್ ಮಾಡಿ ಮಂಚದ ಮೇಲೆ ಎಸೆದಳು. ತಾನು ಇನ್ನೂ ಬರೆಯದ ಸಾಲೊಂದನ್ನು ಯಾರೋ ಗಂಡಸು ಈಗಷ್ಟೇ ಅವಳ ಕಿವಿಗೆ ಹೇಳಿದ್ದ.

“ಕದದ ಹೊರಗೆ ಯಾರೂ ಇಲ್ಲ, ನಾನೇ ಒಳಗಿದ್ದೇನೆ.” ತುಳುವಿನಲ್ಲಿ, ನಿಧಾನವಾಗಿ.

ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದಳು. ಹಾಕಿಯೇ ಇತ್ತು.

ವಿಷ್ಣುಪ್ರಸಾದರ ತಂಡದ ತುಳು ನಾಟಕಗಳಿಗೆ ನಜ್ಲಾ ಹಾಡು ಬರೆಯಲು ಶುರು ಮಾಡಿ ಕೆಲವು ವರ್ಷಗಳಾಗಿದ್ದವು. ಈಗ ಅವರು ಸಿನೆಮಾಕ್ಕೆ ಕೈಹಾಕಿದ್ದರು. ಚಿತ್ರಕಥೆ ಅವಳದು, ಹಾಡೂ ಅವಳದು. ನೆರೆ ಬಂದ ಹೊತ್ತಿನಲ್ಲಿ ತಾಯಿ ಮಗುವಿಗೆ ಹಾಡುವ ಒಂದು ಜೋಗುಳದ ಮೇಲೆಯೇ ಇಡೀ ಕಥೆ ನಿಂತಿತ್ತು. ಮೊದಲ ಎರಡು ಸಾಲು ಒಂದೇ ಉಸಿರಿಗೆ ಬಂದಿದ್ದವು. ಮೂರನೆಯದು ಮಾತ್ರ ನಾಲಿಗೆಯ ತುದಿಯಲ್ಲಿ ಕೂತು ಸತಾಯಿಸುತ್ತಿತ್ತು. ಅಷ್ಟರಲ್ಲಿ ತಂಡದವರು ಆ ಎರಡು ಸಾಲನ್ನು ಹಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಬಿಟ್ಟಿದ್ದರು.

“ಬ್ಯಾರಿ ಭಾಷೆ ಮಾತಾಡುವ ಮನೆಯ ಹುಡುಗಿಗೆ ಈ ತುಳು ಎಲ್ಲಿಂದ ಬಂತು ಮಾರಾಯ್ತಿ?” ಎಂದು ವಿಷ್ಣುಪ್ರಸಾದರು ಯಾವಾಗಲೂ ತಮಾಷೆ ಮಾಡುತ್ತಿದ್ದರು. “ಹೊಳೆಬದಿಯ ಅಜ್ಜಿಯಂದಿರು ಮಾತಾಡಿದ ಹಾಗೆ ಉಂಟು.”

“ಎಲ್ಲಿಂದಲೋ ಬಂತು ಸರ್. ಬಂದದ್ದನ್ನು ಯಾಕೆ ಓಡಿಸುದು?”

ಆದರೆ ಒಂದು ವಿಷಯದಲ್ಲಿ ಅವರಿಗೆ ತಮಾಷೆ ನಡೆಯುತ್ತಿರಲಿಲ್ಲ. “ಹಾಡು ಬೇರೆಯವರದ್ದು ಅಂತ ಗೊತ್ತಾದ್ರೆ ಹಾಡೂ ಬೇಡ, ನಿನ್ನ ಚಿತ್ರಕಥೆಯೂ ಬೇಡ. ಒಮ್ಮೆ ಕೋರ್ಟಿಗೆ ಅಲೆದು ಸಾಕಾಗಿದೆ ನನಗೆ.”

ಇಷ್ಟು ಗೊತ್ತಿದ್ದೂ ಮರುದಿನ ನಜ್ಲಾ ಮಾಡಬಾರದ್ದನ್ನು ಮಾಡಿದಳು. ಫೋನಿನಲ್ಲಿ ಕೇಳಿದ ಸಾಲನ್ನು ಹಾಡಿಗೆ ಸೇರಿಸಿದಳು. ಬೇರೆ ಯಾವ ಸಾಲೂ ಅಲ್ಲಿ ಕೂರುತ್ತಲೇ ಇರಲಿಲ್ಲ. ವಿಷ್ಣುಪ್ರಸಾದರು ಕೇಳಿ ಕುಣಿದಾಡಿದರು. ಅವಳಿಗೆ ಮಾತ್ರ, ಗುರುತಿಲ್ಲದ ಒಬ್ಬನ ಕೈಗೆ ತನ್ನ ಕುತ್ತಿಗೆ ಕೊಟ್ಟಂತಾಯಿತು.

ಕೊಟ್ಟಾರದ ಮನೆಯಲ್ಲಿ ಊಟಕ್ಕೆ ಬಡಿಸುತ್ತ ಅದನ್ನೇ ಗುನುಗುತ್ತಿದ್ದಳು. ಅವಳು ಕಾಕ ಎಂದು ಕರೆಯುವ ಅಣ್ಣ ನವಾಝನ ಕೈತುತ್ತು ಬಾಯಿಗೆ ಹೋಗದೆ ನಿಂತಿತು.

“ಇದು ಎಲ್ಲೋ ಕೇಳಿದ ಹಾಗೆ ಉಂಟಲ್ಲ?”

“ಸ್ಟೇಟಸ್‌ನಲ್ಲಿ ಕೇಳಿರ್ಬೇಕು ಕಾಕ.”

“ಅಲ್ಲ, ಮೊದಲೇ ಕೇಳಿದ್ದೇನೆ. ಯಾರದ್ದಾದ್ರೂ ಎತ್ತಿದ್ದಾ ನೀನು?” ಅವನು ತಂಗಿಯ ಮುಖ ನೋಡಿದ. “ನಾಟಕ ಗೀಟಕ ಅಂತ ರಗಳೆ ಏನಾದ್ರೂ ಮನೆಬಾಗಿಲಿಗೆ ಬಂದ್ರೆ ಮತ್ತೆ ಬರೆಯುದು ಗಿರೆಯುದು ಎಲ್ಲ ಬಂದ್. ಈಗಲೇ ಹೇಳಿದ್ದೇನೆ.”

ನಜ್ಲಾ ಸೌಟು ಪಾತ್ರೆಗೆ ಹಾಕಿ ಒಳಗೆ ಹೋದಳು. ಹಾಗಾದರೆ ಹಾಡು ಆಗಲೇ ಹೊರಗೆ ಓಡಾಡುತ್ತಿದೆ. ಯಾರೋ ಕದ್ದಿದ್ದಾರೆ. ಆದರೆ ಪೊಲೀಸರಿಗೆ ಏನೆಂದು ಹೇಳುವುದು? ನಾನು ಬರೆಯದೇ ಇದ್ದ ಸಾಲನ್ನು ಕದ್ದಿದ್ದಾನೆ ಎಂದೇ?

ಆ ನಂಬರನ್ನು ಬ್ಲಾಕ್ ಮಾಡಿದಳು. ಬೇರೆ ನಂಬರಿನಿಂದ ಅದೇ ದನಿ ಬಂತು.

“ಕಟ್ ಮಾಡ್ಬೇಡಿ. ನಿಮ್ಮ ಮನೆಯವರೆಲ್ಲ ನನಗೆ ಗೊತ್ತುಂಟು.”

“ನಿಮಗೆಂತ ಬೇಕು?”

“ಕೂಳೂರಿಗೆ ಒಮ್ಮೆ ಬನ್ನಿ. ಸಂಕದ ಹತ್ತಿರವೇ ಮನೆ. ಫೋನಿನಲ್ಲಿ ಹೇಳಿದ್ರೆ ನೀವು ನಂಬುದಿಲ್ಲ. ನಿಮ್ಮ ಸಿನೆಮಾ ಬರುವವರೆಗೆ ಕಾಯ್ಲಿಕ್ಕೆ ಆಗುದಿಲ್ಲ, ಅಷ್ಟು ಸಮಯ ಇಲ್ಲ.”

ಮಧ್ಯಾಹ್ನದ ಬಿಸಿಲಿನಲ್ಲಿ ಸೇತುವೆಯ ಹತ್ತಿರ ರಿಕ್ಷಾದಿಂದ ಇಳಿದಳು. ಹೊಳೆಯ ಕಡೆಗೆ ಇಳಿಯುವ ಓಣಿಯ ಕೊನೆಯಲ್ಲಿ, ಬಾಗಿಲು ತುಂಬುವಂಥ ಗಂಡಸೊಬ್ಬ ಕಾಯುತ್ತ ನಿಂತಿದ್ದ.

“ಚಪ್ಪಲಿ ಒಳಗೆ ಇಡಿ. ನಾಯಿ ಕೊಂಡೋಗ್ತದೆ.”

ಅವಳು ಒಳಗೆ ಕಾಲಿಟ್ಟದ್ದೇ ಅವನು ಹಿಂದಿನಿಂದ ಬಾಗಿಲು ಹಾಕಿದ. ಹೆದರಿಕೆ ತೋರಿಸಬಾರದೆಂದು ನಜ್ಲಾ ದನಿ ಎತ್ತರಿಸಿದಳು. “ನನ್ನ ಸಾಲು ನಿಮಗೆ ಹೇಗೆ ಸಿಕ್ಕಿತು?”

“ಅದನ್ನು ನಾನು ನಿಮ್ಮತ್ರ ಕೇಳ್ಬೇಕು.”

ಒಳಕೋಣೆಯ ಮಂಚದಲ್ಲಿ ಹಣ್ಣು ಹಣ್ಣಾದ ಹೆಂಗಸೊಬ್ಬಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

“ಅಮ್ಮ. ವಾರಿಜಾ ಅಂತ. ನಾನು ಮುಖೇಶ್,” ಎಂದ ಅವನು. “ಸ್ಟ್ರೋಕ್ ಆಗಿ ಮಾತು ನಿಂತು ವರ್ಷ ಆಯ್ತು. ಡಾಕ್ಟ್ರು ಇನ್ನು ಸ್ವಲ್ಪ ದಿನ ಅಂದಿದ್ದಾರೆ. ಆವತ್ತು ನಿಮ್ಮ ತಂಡದವರೊಬ್ಬರ ಸ್ಟೇಟಸ್ ನೋಡ್ತಾ ಇದ್ದೆ, ನಿಮ್ಮ ನಂಬರ್ ಕೊಟ್ಟದ್ದೂ ಅವರೇ. ಎರಡು ಸಾಲು ಮುಗಿಯಿತು. ಮೂರನೆಯದ್ದು ಅಮ್ಮ ಹಾಡಿದ್ರು.”

ನಜ್ಲಾ ಮಂಚದಿಂದ ಹಿಂದೆ ಸರಿದಳು. “ಹಾಗಾದ್ರೆ ಇದು ಹಳೇ ಹಾಡು. ಊರಿಗೆಲ್ಲ ಗೊತ್ತಿರುದು.” ಸಿನೆಮಾ ಹೋಯಿತು. ನಾಟಕವೂ ಹೋಯಿತು. ಇನ್ನು ಯಾರೂ ಅವಳ ಒಂದು ಸಾಲನ್ನೂ ನಂಬುವುದಿಲ್ಲ.

“ಊರಿಗೆ ಎಲ್ಲಿಂದ ಗೊತ್ತು? ಅಮ್ಮನೇ ಕಟ್ಟಿದ್ದು. ನನಗೂ ಹಾಡಿದ್ದಿಲ್ಲ, ನನಗೆ ಬೈಗುಳ ಮಾತ್ರ.”

ಮುದುಕಿ ಮೆಲ್ಲನೆ ಹೊರಳಿದಳು. ನಜ್ಲಾಳ ಮುಖದ ಮೇಲೆ ಕಣ್ಣು ನಿಂತಿತು. ತುಟಿ ಅಲುಗಿತು. ಮುರುಕು ದನಿಯಲ್ಲಿ ನಾಲ್ಕನೇ ಸಾಲು ಹೊರಟಿತು.

ಆ ಸಾಲನ್ನು ನಜ್ಲಾ ಬರೆದಿರಲಿಲ್ಲ. ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಅವಳ ಬಾಯಿ ತಾನಾಗಿ ತೆರೆದು, ಮುದುಕಿಯ ಜೊತೆ ಒಂದಕ್ಷರ ತಪ್ಪದೆ ಕೊನೆಯವರೆಗೆ ಹಾಡಿತು.

ಮುಖೇಶ್ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. “ಶಕ್ತಿನಗರದಲ್ಲಿ ಬ್ಯಾರಿಗಳ ಒಂದು ಮನೆ. ಮಗುವಿನ ತಾಯಿ ಆಸ್ಪತ್ರೆಯಲ್ಲಿ. ಅಮ್ಮನೇ ಅಲ್ಲಿ ಕೆಲಸಕ್ಕಿದ್ದು ಮಗುವನ್ನು ಸಾಕಿದ್ರು, ಈ ಹಾಡು ಕಟ್ಟಿದ್ದೂ ಅದಕ್ಕೇ ಅಂತೆ. ಅದು ಮಾತು ಕಲಿತದ್ದೇ ಅಮ್ಮನ ತುಳುವಿನಲ್ಲಿ. ತಾಯಿ ಹುಷಾರಾಗಿ ಬಂದ್ರು, ಅವರೆಲ್ಲ ಕೊಟ್ಟಾರಕ್ಕೆ ಹೋದ್ರು. ಮಗುವಿನ ಅಣ್ಣನ ಹೆಸರು ನವಾಝ್.”

ನಜ್ಲಾ ಹೆದರಿ ಹೆದರಿ ಹುಡುಕಿಕೊಂಡು ಬಂದ ಕಳ್ಳಿ ಅವಳೇ ಆಗಿದ್ದಳು. ಕದ್ದಾಗ ಅವಳಿಗಿನ್ನೂ ಹಾಲುಹಲ್ಲು ಕೂಡ ಪೂರ್ತಿ ಬಂದಿರಲಿಲ್ಲ.