ಕೊಟ್ರಯ್ಯನ ಕರಿ ಮುಸುಕು

‘ಜನರೆದುರು ನನಗೆ ದನಿಯೇ ಏಳುವುದಿಲ್ಲ’ ಎಂದು ನಿನ್ನೆ ದಿನಚರಿಯಲ್ಲಿ ಬರೆದುಕೊಂಡಿದ್ದ ಹಾಲಮ್ಮ, ಇಂದು ಕಂಪ್ಲಿಯ ಡಿಸ್ಟ್ರಿಕ್ಟ್ ಬೋರ್ಡ್ ಚುನಾವಣೆಯ ಸಭೆಯಲ್ಲಿ ಅಪ್ಪನ ಪಕ್ಕ ನಿಂತಿದ್ದಳು. ಚುನಾವಣೆಗೆ ನಿಂತಿದ್ದ ಅಪ್ಪ ಕೊಟ್ರಯ್ಯ ತನ್ನ ಹಳೆಯ ಕರಿ ಮುಸುಕನ್ನು ಎತ್ತಿ ತೋರಿಸಿದ. “ಹತ್ತು ವರ್ಷ ರಾತ್ರಿ ಇದನ್ನ ಹಾಕ್ಕೊಂಡು ಊರಿನ ಕಳ್ಳರನ್ನ ಹಿಡದೀನಿ. ಒಬ್ಬ ನಿರಪರಾಧಿನ್ನೂ ಮುಟ್ಟಿಲ್ಲ. ಮಗಳನ್ನ ಕೇಳ್ರಿ, ಮದರಾಸಿನಾಗ ಬಿ.ಎ. ಓದ್ಯಾಳ.”

ಊರುಗೋಲು ಹಿಡಿದು ಉಚ್ಚೆಂಗಪ್ಪ ಎದ್ದ. “ಹಂಗಾರ ನನ್ನ ಕಾಲು ಯಾರು ಮುರಿದ್ರೀ?”

“ಕುಂದ್ರಲೇ ಕಬ್ಬುಗಳ್ಳ. ಇನ್ನೊಂದು ಕಾಲು ಐತಲ್ಲ, ಜ್ವಾಕಿ.” ಜನ ಗೊಳ್ಳೆಂದು ನಕ್ಕರು.

ಕೊಟ್ರಯ್ಯ ಮುಸುಕನ್ನು ಮಗಳ ಕೈಗೆ ತುರುಕಿ, “ಹೇಳವ್ವ” ಎಂದ. ಉಚ್ಚೆಂಗಪ್ಪನನ್ನು ಹೊಡೆದು ಬಂದ ದಿನ ಅಪ್ಪ ಇದರಲ್ಲೇ ಬೆವರು ಒರೆಸಿಕೊಳ್ಳುತ್ತ ಅವಳಿಗೆ, “ಅವ ಅಲ್ಲ, ತಪ್ಪಾತು. ಬಾಯಿ ಬಿಡಬ್ಯಾಡ” ಎಂದಿದ್ದ. ಹಾಲಮ್ಮ ಮುಸುಕನ್ನು ಮೇಜಿನ ಮೇಲಿಟ್ಟಳು.

“ಕಬ್ಬು ಕದ್ದಾಂವ ಇವ ಅಲ್ರಿ. ನಮ್ಮಪ್ಪಗ ಅವತ್ತ ಗೊತ್ತಾಗಿತ್ತು.”